ಹೆಸರು ಹಿಡಿದು ಕರೆಯಲಾಗದ ನಾಯಿ

ಅಗಸೂರು

ಮೈತ್ರಿ, ಪ್ರಣವ, ನೀವಿಬ್ಬರೂ ಕೇಳಿದ್ದು ವಿಮಾನದ ಸುದ್ದಿ. ಅದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಕಿಟಕಿಯ ಪಕ್ಕ ಕೂರಿಸಿದರು. ಹೊರಗೆ ಹಿಂಜಿದ ಹತ್ತಿಯ ಹಾಗೆ ಮೋಡ ಹರಡಿತ್ತು. ಕುಡಿಯಲಿಕ್ಕೆ ಏನು ಬೇಕೆಂದು ಆ ಹುಡುಗಿ ಬಗ್ಗಿ ಕೇಳಿದಾಗ ನಾಚಿಕೆಯಾಗಿ ಏನೂ ಬೇಡವೆಂದು ತಲೆಯಾಡಿಸಿದೆ. ಪೋರ್ತುಗಲ್ ಮುಟ್ಟುವವರೆಗೂ ಗಂಟಲು ಒಣಗಿಸಿಕೊಂಡು ಕೂತಿದ್ದೆ. ವಿಮಾನದ ಕಥೆ ಇಷ್ಟೇ.

ನಾನು ಹೇಳಬೇಕೆಂದಿರುವುದು ಒಂದು ನಾಯಿಯ ಸುದ್ದಿ. ನೀಲಿ ಕಣ್ಣಿನ, ತೋಳದಂಥ ತುಪ್ಪಳದ ನಾಯಿಯೊಂದನ್ನು ಮೊಬೈಲಿನಲ್ಲಿ ತೋರಿಸಿ "ಅಜ್ಜಿ, ನಮ್ಗೆ ಇದೇ ಬೇಕು" ಎಂದವರು ನೀವು. ಹಾಗಾಗಿ ಕೂತು ಬರೆಯುತ್ತಿದ್ದೇನೆ. ಕಿನ್ನರದ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ನಾನು. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ನನ್ನ ಮಗಳ, ಅಂದರೆ ನಿಮ್ಮ ಸುಜಾತತ್ತೆಯ, ಗಂಡ ಕಾಣಕೋಣದವರು. ಗೋವೆಯಲ್ಲಿ ಪೋರ್ತುಗೀಜರಿದ್ದ ಕಾಲದಲ್ಲಿ ಅವರ ತಂದೆ ಹುಟ್ಟಿದ್ದರಿಂದ ಆ ದೇಶದ ಕಾಗದಪತ್ರ ಇವರಿಗೂ ಸಿಕ್ಕಿತು. ಅಲ್ಲಿ ಅವರು ಹೋಟೆಲೊಂದರ ಅಡುಗೆಮನೆಯಲ್ಲಿದ್ದಾರೆ. ಅತ್ತೆಗೆ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ. ಅವಳು ಫೋನಿನಲ್ಲಿ ಹೀಗೆಂದಾಗ ನಾನು ಊರಿನವರಿಗೆಲ್ಲ "ಅಂಗಡಿಯಲ್ಲಿ ಕೆಲಸ" ಎಂದಷ್ಟೇ ಹೇಳಿಕೊಂಡು ಬಂದೆ. ನಾಯಿಯ ವಿಷಯ ಬಾಯಿಬಿಡಲಿಲ್ಲ.

ಮಂಜಿನೊಳಗಿನ ಊರು

ಅವಳ ಊರು ಸಮುದ್ರದ ದಂಡೆಯ ಮೇಲಿದೆ. ಮನೆಗಳೆಲ್ಲ ಸುಣ್ಣ ಬಳಿದ ಬಿಳಿ. ಗೋಡೆಯ ಬುಡದಲ್ಲಿ ಸೀರೆಯ ಅಂಚಿನಂತೆ ನೀಲಿ ಪಟ್ಟಿ. ನಾನು ಹೋದದ್ದು ಚಳಿ ಮುಗಿಯುತ್ತ ಬಂದ ಕಾಲ. ಬೆಳಿಗ್ಗೆ ಸಮುದ್ರದಿಂದ ಮಂಜು ಎದ್ದು ಓಣಿಯೊಳಗೆ ಬಂದು ಕೂರುತ್ತಿತ್ತು. ಎದುರಿನ ಮನೆಯೂ ಕಾಣುತ್ತಿರಲಿಲ್ಲ. ಮಂಜಿನೊಳಗಿಂದ ಮೀನಿನ ವಾಸನೆ ಬರುತ್ತಿತ್ತು, ಎಲ್ಲೋ ದೋಣಿಯ ಎಂಜಿನ್ ಗುರುಗುಟ್ಟುತ್ತಿತ್ತು. ಕಣ್ಣು ಮುಚ್ಚಿಕೊಂಡರೆ ಕಾರವಾರದ ಬಂದರು, ತೆರೆದರೆ ಏನೂ ಇಲ್ಲ, ಬರೀ ಬಿಳಿ. ಹೋದ ಮೊದಮೊದಲು ನಾನು ನಿದ್ದೆಯಲ್ಲಿದ್ದೇನೋ ಎಚ್ಚರದಲ್ಲಿದ್ದೇನೋ ತಿಳಿಯದೆ ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ.

ಪಕ್ಕದ ಮನೆಯ ದೋನಾ ಅಲ್ದಾ ಮಂಜಿಗೂ ಹೆದರುವವರಲ್ಲ, ಮನುಷ್ಯರಿಗೂ ಹೆದರುವವರಲ್ಲ. ದೋನಾ ಎಂದರೆ ನಾವು 'ಅಮ್ಮ' ಎನ್ನುವ ಹಾಗೆ ಮರ್ಯಾದೆಯ ಮಾತು. ಅವರ ಗಂಡ ಮೀನುಗಾರರಾಗಿದ್ದರು, ತೀರಿಕೊಂಡಿದ್ದಾರೆ. ಅವರಿಗೆ ಈಗ ಉಳಿದಿರುವುದು ಮೊಣಕಾಲು ನೋವು, ದೊಡ್ಡ ದನಿ, ಮತ್ತು ಮರಿಯಿದ್ದಾಗಲೇ ಗಂಡ ತಂದು ಸಾಕಿದ ಒಂದು ನಾಯಿ. ನನ್ನನ್ನು ಕಂಡ ದಿನವೇ ಕಿಟಕಿಯಿಂದ ತಲೆ ಹೊರಹಾಕಿ ಏನೋ ಕೂಗಿದರು. ಅದರಲ್ಲಿ ನನಗೆ ತಿಳಿದದ್ದು ಒಂದೇ ಪದ. ಕಿಟಕಿಯನ್ನು ತಟ್ಟಿ ಅವರು "ಜನೆಲಾ" ಎಂದರು. ನನ್ನ ಬಾಯಿಂದ ತಾನಾಗಿ "ಜನೇಲು" ಎಂದು ಬಂತು.

ಅವರಿಗೆ ಎಲ್ಲಿಲ್ಲದ ಖುಷಿ. ಕುಂಟುತ್ತ ಬಂದು ನನ್ನ ಕೈಹಿಡಿದು ತಮ್ಮ ಮನೆಯೊಳಗೆ ಕರೆದುಕೊಂಡು ಹೋದರು. ಅವರು ಒಂದೊಂದನ್ನೇ ಮುಟ್ಟುವುದು, ನಾನು ಹೇಳುವುದು. ಮೇಜು. ಚಾವಿ. ಬಾಲ್ದಿ. ತುವಾಲು. ಬಟಾಟೆ. ಎಲ್ಲವೂ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಅವರ ಮಾತೇ! ಎಂದೋ ನಮ್ಮ ಕರಾವಳಿಗೆ ಬಂದ ಇವರ ಹಿರಿಯರು ಬಿಟ್ಟುಹೋದ ಪದಗಳು ಇವೆಂದು ಅತ್ತೆ ಆಮೇಲೆ ಹೇಳಿದಳು. ಯಾರೊಡನೆಯೂ ತಟ್ಟನೆ ಮಾತಾಡದ ನಾನು ಅಂದು ಒಂದು ಮಧ್ಯಾಹ್ನ ಪೂರ್ತಿ ಮಾತಾಡಿದೆ. ವಾಕ್ಯ ಒಂದೂ ಇರಲಿಲ್ಲ, ಅಷ್ಟೇ.

ಆಗಲೇ ಆ ನಾಯಿ ಒಳಗಿಂದ ಬಂತು. ಕಪ್ಪು ಬಣ್ಣ, ಗುಂಗುರು ಕೂದಲು. ಮುಂದಿನ ಅರ್ಧಕ್ಕೆ ಸಿಂಹದಂತೆ ಕೂದಲು, ಹಿಂದಿನ ಅರ್ಧ ನುಣ್ಣಗೆ, ಬಾಲದ ತುದಿಯಲ್ಲಿ ಒಂದು ಕುಚ್ಚು. ಕ್ಷೌರ ಮಾಡುವವನು ಅರ್ಧಕ್ಕೇ ಬಿಟ್ಟು ಊಟಕ್ಕೆ ಹೋದ ಹಾಗೆ ಕಂಡಿತು. ನನಗೆ ನಗು ತಡೆಯಲಿಲ್ಲ. ದೋನಾ ಅಲ್ದಾ ತೊಡೆ ತಟ್ಟಿ ಅದನ್ನು ಕರೆದರು:

"ಫರೋಲ್! ವೆಂಕಾ! ವೆಂಕಾ!"

ನನ್ನ ನಗು ಅಲ್ಲಿಯೇ ನಿಂತಿತು.

ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಆದರೆ ನನ್ನ ಬಾಯಿಂದ ಅದನ್ನು ನೀವು ಕೇಳಿಲ್ಲ. ಗಂಡನ ಹೆಸರನ್ನು ಹೆಂಡತಿ ಹೇಳಬಾರದೆಂಬುದು ನಮ್ಮ ಕಾಲದ ರೀತಿ. ಶನಿವಾರದ ಭಜನೆಯಲ್ಲಿ ದೇವರ ಆ ಹೆಸರು ಬಂದಾಗಲೂ ನಾನು ತುಟಿ ಮುಚ್ಚಿಕೊಂಡು ತಾಳ ಮಾತ್ರ ತಟ್ಟಿದವಳು. ಅಜ್ಜ ತೀರಿಕೊಂಡಮೇಲೂ ಹಾಗೆಯೇ. ಅಜ್ಜನ ತಾಯಿ ಗದ್ದೆಯ ಈಚೆ ನಿಂತು ಆಚೆಯಿದ್ದ ಮಗನನ್ನು ಕರೆಯುತ್ತಿದ್ದರಲ್ಲ, ಸರಿಯಾಗಿ ಅದೇ ರಾಗದಲ್ಲಿ ಈ ಹೆಂಗಸು ನಾಯಿಯನ್ನು ಕರೆಯುತ್ತಿದ್ದರು. ಇಷ್ಟೆಲ್ಲ ಪದ ನಮ್ಮಲ್ಲಿ ಬಿಟ್ಟವರು ಒಂದು ಹೆಸರನ್ನು ಎತ್ತಿಕೊಂಡು ಹೋಗಿರಬಾರದೇಕೆ ಎಂದುಕೊಂಡೆ. ಫರೋಲ್ ಎನ್ನುವುದು ಮನೆತನದ ಅಡ್ಡಹೆಸರಿರಬೇಕು, ಅದರಿಂದ ನಾಯಿಯನ್ನು ಕರೆಯುವುದು ಹೇಗೆ!

ಅತ್ತೆಯನ್ನು ಕೇಳಬಹುದಿತ್ತು. ಆದರೆ ಕೇಳಲಿಕ್ಕೂ ಆ ಹೆಸರು ಹೇಳಬೇಕಲ್ಲ! ಅವಳೋ ಆ ನಾಯಿಯನ್ನು ಮುದ್ದಿನಿಂದ 'ಬಾಬಾ' ಎಂದೇ ಕರೆಯುತ್ತಿದ್ದಳು.

ನಾಯಿಗಳ ಕ್ಷೌರದಂಗಡಿ

ದೋನಾ ಅಲ್ದಾಗೆ ಮೊಣಕಾಲಿನ ಆಪರೇಷನ್ನಿಗೆ ದೊಡ್ಡ ಊರಿನ ಆಸ್ಪತ್ರೆಗೆ ಹೋಗುವುದಿತ್ತು. ಹೋಗುವಾಗ ನಾಯಿಯ ಹಗ್ಗವನ್ನು ಅತ್ತೆಯ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟರು. ಏನೋ ಹೇಳಿದರು, ಅತ್ತೆ ಅದನ್ನು ಕನ್ನಡಕ್ಕೆ ತಂದಳು: "ನೀನು ಕೆಲ್ಸಕ್ಕೆ ಹೋಗವ್ಳು, ನಿನ್ನ ಆಯಿ ಮನೇಲಿರವ್ರು. ನನ್ನ ಮನೇಲಿ ಉಸಿರಾಡೂದು ಇದೊಂದೇ, ಹುಷಾರು ಅಂತವ್ರೆ, ಆಯಿ."

ನಾನು ಹಗ್ಗ ಹಿಡಿದುಕೊಂಡು ನಿಂತೆ. ಊರಲ್ಲಿ ನಾಯಿ ಎಂದರೆ ಅಂಗಳದ ಆಚೆ ಮಲಗುವುದು, ಉಳಿದ ಅನ್ನ ತಿನ್ನುವುದು. ಅದರ ಆರೋಗ್ಯವೆಂದು ಒಂದಿರುತ್ತದೆಂದು ಯೋಚಿಸಿದವಳಲ್ಲ.

ಮರುದಿನ ಅತ್ತೆ ನಮ್ಮಿಬ್ಬರನ್ನೂ ತನ್ನ ಅಂಗಡಿಗೆ ಕರೆದುಕೊಂಡು ಹೋದಳು. ಬಿಸಿನೀರಿನ ಆವಿ, ಸಾಬೂನಿನ ನೊರೆ, ಗಾಳಿ ಊದುವ ಯಂತ್ರದ ಸದ್ದು. ಮೇಜಿನ ಮೇಲೆ ಸಾಲಾಗಿ ನಾಯಿಗಳು, ಮದುವೆಮನೆಯಲ್ಲಿ ಜಡೆ ಹಾಕಿಸಿಕೊಳ್ಳಲು ಕೂತ ಹುಡುಗಿಯರಂತೆ. ಚಪ್ಪಟೆ ಮೂತಿಯ ಪಗ್ ನಾಯಿಯ ಮುಖದ ಮಡಿಕೆಗಳನ್ನು ಅತ್ತೆ ಬೆರಳಿನಿಂದ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿದಳು. ಒದ್ದೆ ಉಳಿದರೆ ಅಲ್ಲಿ ಹುಣ್ಣಾಗುತ್ತದಂತೆ. ಬಿಸಿಲಲ್ಲಿ ಓಡಿಸಿದರೆ ಆ ಮೂತಿಗೆ ಉಸಿರು ಸಾಲುವುದಿಲ್ಲವಂತೆ. ಉದ್ದ ಬೆನ್ನಿನ, ಗೇಣುಕಾಲಿನ ಡ್ಯಾಶ್‌ಹುಂಡ್ ನಾಯಿಯನ್ನು ಎದೆಗೂ ಸೊಂಟಕ್ಕೂ ಕೈಕೊಟ್ಟು ಎತ್ತಿದಳು. ಕುರ್ಚಿಯಿಂದ ಹಾರಲಿಕ್ಕೆ ಬಿಟ್ಟರೆ ಅದರ ಬೆನ್ನುಮೂಳೆಗೇ ಅಪಾಯ.

ನೀವು ಕೇಳಿದ ನೀಲಿ ಕಣ್ಣಿನದೂ ಒಂದಿತ್ತು. ಹಸ್ಕಿಯೆಂದು ಹೆಸರು.

"ಇದ್ರ ಕೂದ್ಲು ಪೂರಾ ಬೋಳಿಸ್ಬಿಟ್ರೆ ತಂಪಾಗೂದಿಲ್ವೇನೇ?" ಎಂದು ಕೇಳಿದೆ.

"ಅಯ್ಯೋ ಆಯಿ, ಬೋಳಿಸೂಕೇ ಆಗೂದಿಲ್ಲ. ಎರಡು ಪದರ ಇರ್ತದೆ. ಒಳಗಿಂದು ಹತ್ತಿ ಹಾಂಗೆ, ಹೊರಗಿಂದು ಕೊಡೆ ಹಾಂಗೆ. ಬಿಸಿಲು ತಡೆಯೂದೂ ಅದೇ. ಬಾಚಿ ಬಾಚಿ ಉದುರೂದನ್ನ ತೆಗೀಬೇಕು, ಅಷ್ಟೇ."

"ನಮ್ಮ ಅಂಕೋಲೆ ಸೆಖೆಗೆ?"

"ಪಾಪ, ಬೇಡ. ಮಕ್ಳಿಗೆ ಹೇಳು, ಓಣೀಲಿ ಹುಟ್ಟಿದ ಮರಿ ಒಂದ ಸಾಕಿ ಅಂತ. ಆ ಸೆಖೆ ಅದ್ಕೆ ಹುಟ್ಟಿದ್ದಿಂದ ಗೊತ್ತು. ಸೂಜಿ ಮಾತ್ರ ತಪ್ಸಬೇಡಿ."

ಹೇಳಿದ್ದೇನೆ. ಅತ್ತ ಮುಖ ಮಾಡಿ ಸಿಟ್ಟಾಗಬೇಡಿ.

ನಮ್ಮ ಕಪ್ಪು ನಾಯಿಯದು ಬೇರೆಯೇ ಜಾತಿ. ನೀರಿನ ನಾಯಿಯೆಂದು ಕರೆಯುತ್ತಾರೆ. ಅಲ್ಲಿಯ ಭಾಷೆಯಲ್ಲಿ ನೀರಿಗೆ 'ಆಗ್ವ' ಎನ್ನುತ್ತಾರೆಂದು ಅಂದು ಕಲಿತೆ. ಹಿಂದೆ ದೋಣಿಯಲ್ಲಿ ಹೋಗಿ ಬಲೆಯಿಂದ ತಪ್ಪಿದ ಮೀನನ್ನು ಹಾರಿ ತರುತ್ತಿದ್ದವಂತೆ. ಬೆರಳುಗಳ ನಡುವೆ ಬಾತುಕೋಳಿಯಂತೆ ತೆಳ್ಳನೆ ಚರ್ಮವಿದೆ. ಈಜುವಾಗ ಕಾಲು ಹಗುರವಾಗಲೆಂದು ಹಿಂದೆ ಬೋಳಿಸಿ, ತಣ್ಣೀರಲ್ಲಿ ಎದೆ ಬೆಚ್ಚಗಿರಲೆಂದು ಮುಂದೆ ಬಿಡುತ್ತಿದ್ದರಂತೆ. ನಾನು ನಕ್ಕದ್ದಕ್ಕೆ ನನಗೇ ನಾಚಿಕೆಯಾಯಿತು. ಅದರ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ, ಉದುರುವುದು ತೀರ ಕಡಿಮೆ. ಬುಡದವರೆಗೆ ಬಾಚದಿದ್ದರೆ ಗಂಟುಕಟ್ಟುತ್ತದೆ. ಈಜಿ ಬಂದಮೇಲೆ ಕಿವಿಯೊಳಗೆ ಒಣಗಿಸದಿದ್ದರೆ ಕೀವಾಗುತ್ತದೆ.

ಬಾಚುವ ಕೆಲಸ ನಾನು ವಹಿಸಿಕೊಂಡೆ. ತೆಂಗಿನೆಣ್ಣೆ ಹಚ್ಚಿದರೆ ಗಂಟು ಬೇಗ ಬಿಡುತ್ತದಲ್ಲವೇ ಎಂದು ಅಂಗೈಯಲ್ಲಿ ಸ್ವಲ್ಪ ಹಾಕಿಕೊಂಡದ್ದೇ ತಡ, ಅದು ಅಷ್ಟನ್ನೂ ನೆಕ್ಕಿ, ನನ್ನ ತುರುಬನ್ನೂ ನೆಕ್ಕಲು ಬಂತು. ಎಷ್ಟು ಉದ್ದದ, ಎಷ್ಟು ಬೆಚ್ಚನೆ ನಾಲಿಗೆ ಅದು.

ಎಲ್ಲ ಮಾಡಿದೆ, ಹೆಸರು ಮಾತ್ರ ಹೇಳಲಿಲ್ಲ. "ಯೋ ಯೋ" ಎಂದು ನಮ್ಮ ಕಾರವಾರದ ಕೊಂಕಣಿಯಲ್ಲಿ ಕರೆದರೆ ಅದು ತಲೆ ಓರೆ ಮಾಡಿ ನನ್ನನ್ನು ನೋಡುತ್ತ ಕೂರುತ್ತಿತ್ತು.

ಪೈನ್ ಮರಗಳ ತೋಪು

ದಂಡೆಯ ಮೇಲೆ ನಮ್ಮಲ್ಲಿ ಗಾಳಿಮರಗಳಿರುವ ಹಾಗೆ ಅಲ್ಲಿ ಪೈನ್ ಮರಗಳಿವೆ. ಕೆಳಗೆ ಮರಳು, ಮರಳಿನ ಮೇಲೆ ಸೂಜಿಯಂಥ ಎಲೆಗಳ ಹಾಸು. ಹೆಜ್ಜೆಯ ಸದ್ದೇ ಆಗುವುದಿಲ್ಲ. ನಾನು ದಿನಾ ಬೆಳಿಗ್ಗೆ ಕೆಮ್ಮಿಗೆಂದು ಬೆಚ್ಚನೆಯ ನೀರಿನ ಫ್ಲಾಸ್ಕು ಹೆಗಲಿಗೆ ಹಾಕಿಕೊಂಡು ನಾಯಿಯ ಜೊತೆ ಅಲ್ಲಿಗೆ ಹೋಗುತ್ತಿದ್ದೆ. ತೋಪಿನೊಳಗೆ ಹಗ್ಗ ಬಿಟ್ಟರೂ ಅದು ದೂರ ಹೋಗುತ್ತಿರಲಿಲ್ಲ.

ಆ ದಿನ ಮಂಜು ಕರಗುತ್ತಿತ್ತು. ಬಿಸಿಲಿನ ಕೋಲುಗಳು ಮರಗಳ ನಡುವೆ ಇಳಿಬಿದ್ದಿದ್ದವು. ಮರಗಳ ತುದಿಯಲ್ಲಿ ಬಿಳಿ ರೇಷ್ಮೆಯ ಗೂಡುಗಳು ತೂಗುತ್ತಿದ್ದವು. ನೆಲದ ಮೇಲೆ ಒಂದು ಕಂದು ದಾರ ತಾನಾಗಿ ಸರಿದು ಹೋಗುತ್ತಿರುವಂತೆ ಕಂಡಿತು. ಬಗ್ಗಿ ನೋಡಿದೆ. ಕಂಬಳಿಹುಳಗಳು! ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗಿಸಿಕೊಂಡು, ಮರದಿಂದ ಇಳಿದು, ಎಲ್ಲೂ ಕಡಿಯದ ಸಾಲಾಗಿ ಮೆಲ್ಲಗೆ ಎಲ್ಲಿಗೋ ಹೋಗುತ್ತಿದ್ದವು. ಅಂಥದ್ದನ್ನು ನಾನು ಕಂಡಿರಲಿಲ್ಲ. ಮದುವೆಯ ದಿಬ್ಬಣ ದೂರದ ಗದ್ದೆಬದುವಿನಲ್ಲಿ ಹೋಗುವುದನ್ನು ಗುಡ್ಡದ ಮೇಲಿಂದ ನೋಡಿದ ಹಾಗಿತ್ತು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ತಲೆಯೆತ್ತಿದಾಗ ನಾಯಿ ದಿಬ್ಬಣದ ಆ ತುದಿಯಲ್ಲಿತ್ತು. ಮೂಗು ನೆಲಕ್ಕಿಟ್ಟಿತ್ತು. ನಮ್ಮ ಕಂಬಳಿಹುಳದ ಉರಿ ನನಗೆ ಗೊತ್ತು. ಇಷ್ಟು ಹುಳಗಳಿದ್ದರೆ ಏನು ಗತಿ!

"ಯೋ ಯೋ! ಯೋ ಬಾ!"

ಕೇಳಲಿಲ್ಲ. ಚಪ್ಪಾಳೆ ತಟ್ಟಿದೆ. ಕಿವಿಯನ್ನೂ ಆಡಿಸಲಿಲ್ಲ. ಅದಕ್ಕೆ ತಿಳಿಯುವ ಕರೆ ನನಗೆ ಒಂದೇ ಗೊತ್ತಿತ್ತು. ಅದು ಗಂಟಲವರೆಗೆ ಬಂತು, ತುಟಿಯ ಹತ್ತಿರ ನಿಂತಿತು. ಉಗುಳು ನುಂಗುವಷ್ಟು ಹೊತ್ತು. ನಾಯಿಯ ನಾಲಿಗೆ ಹೊರಗೆ ಬಂದದ್ದು ಕಂಡಿತು.

"ವೆಂಕಾ!"

ತೋಪಿನೊಳಗೆಲ್ಲ ಕೇಳುವ ಹಾಗೆ ಕೂಗಿದೆ. ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. ನಾಯಿ ಬೆಂಕಿ ಮುಟ್ಟಿದ ಹಾಗೆ ತಲೆಯೆತ್ತಿ, ನೇರ ನನ್ನ ಕಡೆ ಓಡಿಬಂತು.

ಆದರೆ ನಾಲಿಗೆಯ ತುದಿ ಹುಳಕ್ಕೆ ತಾಗಿಯಾಗಿತ್ತು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯತೊಡಗಿತು. ಮುಂಗಾಲಿನಿಂದ ಮೂತಿಯನ್ನು ಕೆರೆದುಕೊಂಡು ಕುಂಯ್ಗುಟ್ಟಿತು. ನಮ್ಮಲ್ಲಿ ಕಂಬಳಿಹುಳ ತಾಗಿದರೆ ಕಂಬಳಿಯ ತುಂಡಿನಿಂದ ಉಜ್ಜುತ್ತೇವಲ್ಲ, ನಾನು ಶಾಲಿನ ತುದಿಯಿಂದ ಅದರ ನಾಲಿಗೆ ಉಜ್ಜಲು ಹೋದೆ.

"ನೌಂ! ನೌಂ! ಆಗ್ವ!"

ರಸ್ತೆಯ ಕಡೆಯಿಂದ ಒಬ್ಬಳು ಓಡಿಬರುತ್ತಿದ್ದಳು. ನಮ್ಮಲ್ಲಿ ಸೈಕಲ್ಲಿನ ಮೇಲೆ ಪೊಂ ಪೊಂ ಎನ್ನುತ್ತ ಪಾವು ಮಾರಲು ಬರುತ್ತಾರಲ್ಲ, ಹಾಗೆ ಅಲ್ಲಿ ವ್ಯಾನಿನಲ್ಲಿ ಪಾವು ತರುವ ಹೆಂಗಸು. ನನ್ನ ಕೂಗು ಕೇಳಿ ವ್ಯಾನು ನಿಲ್ಲಿಸಿದ್ದಳು. ನೌಂ ಎಂದರೆ ಬೇಡವೆಂದು ಅವಳ ಕೈಯಲ್ಲೇ ತಿಳಿಯಿತು. ಆಗ್ವ ನನಗೆ ಗೊತ್ತಿತ್ತು. ಫ್ಲಾಸ್ಕು ತೆರೆದೆ. ನೀರು ಇನ್ನೂ ಉಗುರುಬೆಚ್ಚಗಿತ್ತು. ಅವಳು ಪಾವಿನ ಪ್ಲಾಸ್ಟಿಕ್ ಚೀಲವನ್ನು ಕೈಗೆ ಸುತ್ತಿಕೊಂಡು ನಾಯಿಯ ಬಾಯಿ ಬಿಡಿಸಿ ಹಿಡಿದಳು, ನಾನು ಹನಿಹನಿಯಾಗಿ ಸುರಿದೆ. ಉಜ್ಜಲಿಲ್ಲ. ಬರೀ ತೊಳೆದೆವು. ಆಮೇಲೆ ಬಿಸಿ ಪಾವಿನ ಬುಟ್ಟಿಗಳ ನಡುವೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ವ್ಯಾನು ಓಡಿಸಿದಳು.

ನಾಯಿಗಳ ಡಾಕ್ಟರು

ಅತ್ತೆ ಅಂಗಡಿಯಿಂದ ಏಪ್ರನ್ನಿನಲ್ಲೇ ಬಂದಳು. ಅಷ್ಟರಲ್ಲಿ ನಾಲಿಗೆ ಬಾಯಲ್ಲಿ ಹಿಡಿಯದಷ್ಟು ಬಾತು, ತುದಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಸೂಜಿ ಚುಚ್ಚಿ ಮತ್ತೆ ಮತ್ತೆ ತೊಳೆದು ಅವರು ಹೇಳಿದ್ದನ್ನು ಅತ್ತೆ ಹೇಳಿದಳು. ನುಂಗಿದ್ದರೆ ಉಳಿಯುತ್ತಿರಲಿಲ್ಲ. ಉಜ್ಜಿದ್ದರೆ ಹುಳದ ರೋಮ ಮುರಿದು ಇನ್ನೂ ಒಳಗಿಳಿಯುತ್ತಿತ್ತು. ನಾಲಿಗೆ ಎಷ್ಟು ಸಾಯುತ್ತದೆಂದು ಕೆಲವು ದಿನ ಕಾದು ನೋಡಬೇಕು. ತುದಿಯಾದರೆ ಬದುಕಬಹುದು. ಪೂರ್ತಿ ಹೋದರೆ ಅದು ನೀರು ಕುಡಿಯುವುದಾದರೂ ಹೇಗೆ?

ನನ್ನ ಬೆರಳುಗಳೂ ಬಾತು ಉರಿಯುತ್ತಿದ್ದವು. ಅದಕ್ಕೂ ಮುಲಾಮು ಕೊಟ್ಟರು. (ಮನೆಗೆ ಹೋಗಿ ಯಾರಿಗೂ ಹೇಳದೆ, ಊರಿಂದ ತಂದ ಮುರುಗಲ ಹುಳಿಯ ಸಿಪ್ಪೆ ನೆನೆಸಿದ ನೀರನ್ನೂ ಹಚ್ಚಿಕೊಂಡೆ.)

ಡಾಕ್ಟರು ನಾಯಿಯನ್ನು ತೂಕದ ಹಲಗೆಯ ಕಡೆ ಕರೆದರು: "ವೆಂಕಾ, ವೆಂಕಾ."

ನಾನು ಅತ್ತೆಯ ಕಿವಿಯಲ್ಲಿ ಕೇಳಿದೆ, "ಇವ್ರಿಗೂ ಇದ್ರ ಹೆಸ್ರು ಗೊತ್ತದೇನೇ?"

"ಯಾವ ಹೆಸ್ರು?"

"ಅದೇ... ಈಗ ಕರೆದ್ರಲ್ಲ."

"ಎಂತ ಅಂತ ಕರೆದ್ರು? ಹೇಳು."

"ನಿನ್ನ ಅಪ್ಪಂದು," ಎಂದೆ.

ಅವಳು ನನ್ನ ಮುಖ ನೋಡಿದಳು. ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಮೇಲೆ ನಕ್ಕಳು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಏಪ್ರನ್ ತೆಗೆದಾಗ ಕಣ್ಣು ಒದ್ದೆಯಾಗಿತ್ತು.

"ಆಯಿ, ಅದು ಹೆಸ್ರಲ್ಲವೇ ಮಾರಾಯ್ತಿ. ಇಲ್ಲಿ ಬಾ ಅಂತ. ಇಲ್ಲಿ ಎಲ್ಲ ನಾಯಿಗೂ ಹಾಂಗೇ ಕರೀತಾರೆ, ಮಕ್ಳಿಗೂ ಹಾಂಗೇ. ಇದ್ರ ಹೆಸ್ರು ಫರೋಲ್. ಫರೋಲ್ ಅಂದ್ರೆ ದೀಪಸ್ತಂಭ."

ಇಲ್ಲಿ ಬಾ. ನಾನು ಬೆಂಚಿನ ಮೇಲೆ ಕೂತೆ. ಇಷ್ಟು ವರ್ಷ ಒಳಗಿಟ್ಟುಕೊಂಡ ಪದಕ್ಕೆ ಇನ್ನೊಂದು ಸಮುದ್ರದ ದಂಡೆಯಲ್ಲಿ ಇಷ್ಟು ಸಣ್ಣ, ಇಷ್ಟು ದಿನನಿತ್ಯದ ಅರ್ಥವಿತ್ತು.

ಗಂಜಿಯ ದಿನಗಳು

ಫರೋಲ್ ಮನೆಗೆ ಬಂತು. ಏನೂ ತಿನ್ನಲಿಲ್ಲ. ನೀರಿನ ಬೋಗುಣಿಯ ಮುಂದೆ ನಿಂತು ನೀರನ್ನು ನೋಡುತ್ತಿತ್ತು, ನಾಲಿಗೆ ಕೆಳಗಿಳಿಸಿ, ನೋವಿಗೆ ಹಿಂದಕ್ಕೆಳೆದುಕೊಳ್ಳುತ್ತಿತ್ತು. ಔಷಧಿಯ ಕೆಲಸ ಅತ್ತೆಯದು. ಡಾಕ್ಟರನ್ನು ಕೇಳಿಕೊಂಡು ನಾನು ಉಪ್ಪು ಹಾಕದೆ ಅನ್ನವನ್ನು ಕರಗುವಷ್ಟು ಬೇಯಿಸಿ, ಕೋಳಿಯ ಬರೀ ಸಾರು ಬೆರೆಸಿ ತೆಳ್ಳನೆ ಗಂಜಿ ಮಾಡಿದೆ. ಈರುಳ್ಳಿ ನಾಯಿಗೆ ವಿಷವಂತೆ, ಒಣದ್ರಾಕ್ಷಿಯೂ ಹಾಗೆಯೇ, ನೆನಪಿಡಿ. ಸೂಜಿಯಿಲ್ಲದ ಪಿಚಕಾರಿಯಲ್ಲಿ ಕೆನ್ನೆಯ ಪಕ್ಕದಿಂದ ತೊಟ್ಟುತೊಟ್ಟಾಗಿ ಬಿಡುತ್ತಿದ್ದೆ. ಅದು ನುಂಗುವುದನ್ನು ಅದರ ಕತ್ತಿನ ಮೇಲೆ ಕೈಯಿಟ್ಟು ತಿಳಿದುಕೊಳ್ಳುತ್ತಿದ್ದೆ.

ನಾಲಿಗೆಯ ತುದಿ ಕಪ್ಪಾಯಿತು. ಕಪ್ಪು ಇನ್ನೆಷ್ಟು ಹಿಂದಕ್ಕೆ ಹೋಗುತ್ತದೋ ಎಂದು ಪ್ರತಿ ಬೆಳಿಗ್ಗೆ ಹೆದರಿಕೊಂಡೇ ಬಾಯಿ ತೆರೆಸುತ್ತಿದ್ದೆ. ಅದು ಹೆಬ್ಬೆರಳಿನ ಉಗುರಿನಷ್ಟಕ್ಕೆ ನಿಂತಿತು. ಒಂದು ದಿನ ಬಾಚುವಾಗ ಆ ತುಂಡು ಉದುರಿ ನನ್ನ ಮಡಿಲಿಗೆ ಬಿತ್ತು. ಉಳಿದದ್ದು ಗುಲಾಬಿ ಬಣ್ಣಕ್ಕಿತ್ತು.

ಆ ಮಧ್ಯಾಹ್ನ ಮತ್ತೆ ಮಂಜು ಬಂದಿತ್ತು. ಅತ್ತೆ ಕೆಲಸಕ್ಕೆ ಹೋಗಿದ್ದಳು. ಫರೋಲ್ ಒಳಗೆ ಮಲಗಿತ್ತು. ನಾನು ಮೆಟ್ಟಿಲ ಮೇಲೆ ಕೂತು ಓಣಿಯ ಬಿಳಿಯನ್ನು ನೋಡುತ್ತಿದ್ದೆ. ಏನು ತೋಚಿತೋ, ಸಣ್ಣ ದನಿಯಲ್ಲಿ ಆ ಪದ ಹೇಳಿದೆ. ಮತ್ತೊಮ್ಮೆ ಹೇಳಿದೆ. ಬಾಯಿಗೆ ಏನೂ ಆಗಲಿಲ್ಲ, ಎದೆ ಮಾತ್ರ ಬೆಚ್ಚಗಾಯಿತು. ಹಿಂದಿನಿಂದ ಉಗುರುಗಳ ಟಕಟಕ ಸದ್ದಾಯಿತು. ಫರೋಲ್ ಎದ್ದು ಬಂದು ನನ್ನ ಪಕ್ಕ ಒರಗಿ ಕೂತು, ನಾನು ನೋಡುತ್ತಿದ್ದ ಕಡೆಗೇ ನೋಡಿತು. ಮಂಜಿನಲ್ಲಿ ಯಾರೂ ಇರಲಿಲ್ಲ. ನಮಗಿಬ್ಬರಿಗೂ ಅವಸರವಿರಲಿಲ್ಲ.

ದೋನಾ ಅಲ್ದಾ ಬಂದ ದಿನ

ಅತ್ತೆ ಫೋನಿನಲ್ಲಿ ಮೊದಲೇ ಎಲ್ಲ ತಿಳಿಸಿದ್ದಳು. ಆದರೂ ಅವರ ಕಾರು ಬಂದು ನಿಂತಾಗ ನಾನು ಬಾಗಿಲು ಬಿಟ್ಟು ಮುಂದೆ ಹೋಗಲಿಲ್ಲ. ಅವರ ಮನೆಯಲ್ಲಿ ಉಸಿರಾಡುವ ಒಂದೇ ಜೀವವನ್ನು ನನ್ನ ಕೈಗೆ ಕೊಟ್ಟುಹೋಗಿದ್ದರು. ನಾನು ಹುಳದ ದಿಬ್ಬಣ ನೋಡುತ್ತ ನಿಂತಿದ್ದೆ. ಇದನ್ನು ಹೇಳಲಿಕ್ಕೆ ಮೇಜು, ಚಾವಿ, ಬಾಲ್ದಿ ಸಾಕಾಗುವುದಿಲ್ಲ.

ಎರಡು ಕೋಲೂರಿಕೊಂಡು ಬಂದು ಅವರು ನಮ್ಮ ಮೆಟ್ಟಿಲ ಮೇಲೆಯೇ ಕೂತರು. ಫರೋಲ್ ಹುಚ್ಚು ಹಿಡಿದಂತೆ ಸುತ್ತಿತು. ಅದರ ಗಲ್ಲ ಹಿಡಿದು ಹೆಬ್ಬೆರಳಿನಿಂದ ಬಾಯಿ ಬಿಡಿಸಿ, ಮೊಂಡಾದ ನಾಲಿಗೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತೇ ಇದ್ದೆ.

ಆಮೇಲೆ ಅವರು ತಮ್ಮ ಬಾಯಿಗೆ ಕೈಹಾಕಿ, ಮೇಲಿನ ಸಾಲಿನ ಹಲ್ಲನ್ನೇ ಪೂರ್ತಿ ಹೊರತೆಗೆದು, ನಾಯಿಯ ಮೂತಿಯ ಮುಂದೆ ಹಿಡಿದು ತೋರಿಸಿದರು. ಬೊಚ್ಚುಬಾಯಲ್ಲಿ ಅದಕ್ಕೆ ಏನೋ ಹೇಳಿದರು. ಅತ್ತೆ ನಗುತ್ತ ನನಗೆ ಹೇಳಿದಳು: "ನಂದು ನೋಡೋ, ನಿಂದೇನು ದೊಡ್ಡ ಸುದ್ದಿ ಅಂತವ್ರೆ."

ನಾನು ನಗಲೋ ಬೇಡವೋ ಎಂದು ನಿಂತಿದ್ದೆ. ದೋನಾ ಅಲ್ದಾ ಹಲ್ಲು ಹಿಡಿದ ಕೈಯಲ್ಲೇ ನನ್ನನ್ನೂ ಪಕ್ಕಕ್ಕೆ ಕರೆದರು. ಬಾ ಎಂಬರ್ಥದ ಅದೇ ಎರಡಕ್ಷರ. ಹೋಗಿ ಅವರ ಪಕ್ಕ ಕೂತೆ.

ಫರೋಲ್ ನೀರಿನ ಬೋಗುಣಿಯ ಹತ್ತಿರ ಹೋಯಿತು. ಅಲ್ಲಿಯವರೆಗೆ ಪಿಚಕಾರಿ ಬಿಟ್ಟು ತಾನಾಗಿ ಒಂದು ಗುಟುಕೂ ಕುಡಿದದ್ದಿಲ್ಲ. ಮೂತಿಯನ್ನು ಮೂಗಿನವರೆಗೆ ನೀರಿಗಿಳಿಸಿ ಮೊಂಡು ನಾಲಿಗೆ ಆಡಿಸಿತು. ಅರ್ಧ ನೀರು ಮೆಟ್ಟಿಲಿಗೆ ಚೆಲ್ಲಿತು, ಸ್ವಲ್ಪ ನಮ್ಮ ಕಾಲಿಗೂ ಸಿಡಿಯಿತು. ಉಳಿದದ್ದು ಗುಟುಕು ಗುಟುಕಾಗಿ ಗಂಟಲಲ್ಲಿ ಇಳಿಯುವ ಸದ್ದನ್ನು ನಾವು ಮೂವರೂ ಕೇಳಿದೆವು. ಅದು ತಲೆಯೆತ್ತಿತು, ಗಡ್ಡದಿಂದ ನೀರು ಸೋರಿಸುತ್ತ ನಮ್ಮನ್ನು ನೋಡಿತು, ಮತ್ತೆ ಬಗ್ಗಿ ಕುಡಿಯಿತು.